ದೊಡ್ಡ ಚೊಂಬಿನ ತೀರ್ಥ

ಶಿಕಾಗೋ ಹತ್ತಿರದ ಶಾಮ್‌ಬರ್ಗ್‌ನ ಅಪಾರ್ಟ್‌ಮೆಂಟಿನಲ್ಲಿ ನಮ್ಮ ದೇವರ ಮನೆ ಎಂದರೆ ಕೋಟು ನೇತುಹಾಕಲು ಕೊಟ್ಟಿರುವ ಒಂದು ಕ್ಲಾಸೆಟ್. ಬಾಗಿಲು ತೆಗೆದರೆ ದೇವರು, ಮುಚ್ಚಿದರೆ ಗೋಡೆ. ಅಷ್ಟು ಚಿಕ್ಕ ಜಾಗದಲ್ಲಿ, ಬೆರಳುದ್ದದ ವಿಗ್ರಹಗಳ ಮುಂದೆ, ಒಂದು ದೊಡ್ಡ ಬೆಳ್ಳಿ ಚೊಂಬು ಕೂತಿದೆ. ನನ್ನ ಮದುವೆಯಲ್ಲಿ ತವರಿನವರು ಕೊಟ್ಟದ್ದು. ಅರಿಶಿನ ಕುಂಕುಮಕ್ಕೆ ಬಂದವರು ಬಗ್ಗಿ ನೋಡಿ, ಇಷ್ಟು ಪುಟ್ಟ ದೇವರಿಗೆ ಅಷ್ಟು ದೊಡ್ಡ ಚೊಂಬು ಯಾಕೆ ಎಂದು ಕೇಳುತ್ತಾರೆ. ತೀರ್ಥಕ್ಕೆ ಎಂದರೆ ನಗುತ್ತಾರೆ. ನಗಲಿ. ಆ ಚೊಂಬು ಒಂದು ಜೀವವನ್ನೂ ಒಂದು ವ್ರತವನ್ನೂ ಒಟ್ಟಿಗೆ ಉಳಿಸಿದೆ. ಎರಡರಲ್ಲಿ ಒಂದನ್ನು ಉಳಿಸುವುದು ಯಾರಿಗಾದರೂ ಆಗುತ್ತಿತ್ತು.

ರಿಸೆಷನ್ ಬಂದಿದೆ ಎಂದು ನನಗೆ ಗೊತ್ತಾದದ್ದು ಟಿವಿಯಿಂದಲ್ಲ, ನಮ್ಮ ಕಾಂಪ್ಲೆಕ್ಸಿನ ಪಾರ್ಕಿಂಗ್ ಲಾಟಿನಿಂದ. ಹಗಲಲ್ಲಿ ಖಾಲಿ ಹೊಡೆಯುತ್ತಿದ್ದ ಜಾಗದಲ್ಲಿ ಕಾರುಗಳು ನಿಂತೇ ಇರತೊಡಗಿದವು. ನಮ್ಮವರಂಥ ಕನ್ಸಲ್ಟೆಂಟುಗಳು ಒಬ್ಬೊಬ್ಬರಾಗಿ ಮನೆಯಲ್ಲಿ ಕೂತರು. ಚಳಿಗಾಲ ಪೂರ್ತಿ ನಮ್ಮ ಕಾರೂ ನಿಂತಿತ್ತು. ಬೇಸಿಗೆ ಶುರುವಾಗುವ ಹೊತ್ತಿಗೆ ಕೊನೆಗೂ ಒಂದು ಪ್ರಾಜೆಕ್ಟ್ ಸಿಕ್ಕಿತು. ಎಲ್ಲಿ ಎಂದರೆ ಅರಿಝೋನಾದ ಫೀನಿಕ್ಸಿನಲ್ಲಿ. ಆ ಬಿಸಿಲಿಗೆ ಹೆದರಿ ಬೇರೆ ಯಾರೂ ಒಪ್ಪಿರಲಿಲ್ಲವಂತೆ, ಅದಕ್ಕೇ ನಮಗೆ ಸಿಕ್ಕಿತು. ದೇವರು ಕೊಡುವಾಗ ಒಮ್ಮೊಮ್ಮೆ ಹೀಗೂ ಕೊಡುತ್ತಾನೆ, ಬೇರೆಯವರು ಬೇಡವೆಂದದ್ದನ್ನು ಎತ್ತಿ ನಮ್ಮ ತಟ್ಟೆಗೆ ಹಾಕುತ್ತಾನೆ. ನಾನು ಕೈ ಮುಗಿದು ಸಾಮಾನು ಕಟ್ಟಿದೆ.

ಅತ್ತೆ ಆಗಷ್ಟೇ ಮೈಸೂರಿನಿಂದ ಬಂದಿದ್ದರು. ಶಿಕಾಗೋದ ಚಳಿಗೆಂದು ಎರಡು ಸ್ವೆಟರು, ಒಂದು ಕುಲಾವಿ, ಉಣ್ಣೆಯ ಕಾಲುಚೀಲ ಎಲ್ಲ ಹೊತ್ತು ತಂದಿದ್ದರು. ಎಪ್ಪತ್ತು ದಾಟಿದ, ನನ್ನ ಭುಜಕ್ಕೆ ಬರುವಷ್ಟು ಎತ್ತರದ ಹೆಂಗಸು. ಆದರೆ ಏಕಾದಶಿಯ ದಿನ ಅವರೆದುರು ನಿಂತರೆ ನಾವೇ ಕುಳ್ಳಾಗುತ್ತಿದ್ದೆವು. ಮದುವೆಯಾಗಿ ಬಂದ ವರ್ಷದಿಂದ ಅವರು ಒಂದೇ ಒಂದು ಏಕಾದಶಿ ತಪ್ಪಿಸಿದವರಲ್ಲ. ಅನ್ನ ಬಿಡುವುದಷ್ಟೇ ಅಲ್ಲ, ನೀರನ್ನೂ ಮುಟ್ಟರು. ಬೆಳಿಗ್ಗೆ ಪೂಜೆಯಾದ ಮೇಲೆ ಒಂದು ಸಲ ತೀರ್ಥ, ಮತ್ತೆ ಮಾರನೆಯ ದಿನ ದ್ವಾದಶಿಯ ಪಾರಣೆಗೇ ಬಾಯಿ ತೆರೆಯುವುದು. ಅಮೆರಿಕಾಕ್ಕೆ ಬರುವಾಗ ವಿಮಾನದಲ್ಲೇ ಏಕಾದಶಿ ಬಿದ್ದಿತ್ತಂತೆ. ಗಗನಸಖಿ ಮತ್ತೆ ಮತ್ತೆ ಜ್ಯೂಸ್ ತಂದು ಸಾಕಾಗಿ, ಕೊನೆಗೆ ಪಕ್ಕದವರನ್ನು ಕೇಳಿದಳಂತೆ, ಇವರಿಗೆ ನನ್ನ ಮೇಲೆ ಕೋಪವಾ ಎಂದು. ಅತ್ತೆ ಇದನ್ನು ಹೇಳಿಕೊಂಡು ನಗುತ್ತಿದ್ದರು. ನನಗೂ ನಮ್ಮ ಮನೆಯಲ್ಲಿ ಇಂಥವರೊಬ್ಬರಿದ್ದಾರೆ ಎಂದು ಹೆಮ್ಮೆ.

ಫೀನಿಕ್ಸಿನ ಏರ್‌ಪೋರ್ಟಿನಿಂದ ಹೊರಗೆ ಕಾಲಿಟ್ಟಾಗ ಬಿಸಿಗಾಳಿ ಮುಖಕ್ಕೆ ಬಡಿಯಿತು. ನಾನು ಯಾವುದೋ ಬಸ್ಸಿನ ಎಂಜಿನ್ ಹತ್ತಿರ ನಿಂತಿದ್ದೇವೆ ಎಂದುಕೊಂಡು ನಾಲ್ಕು ಹೆಜ್ಜೆ ಆಚೆ ಹೋದೆ. ಅಲ್ಲೂ ಅದೇ ಗಾಳಿ. ಅದೇ ಅಲ್ಲಿನ ಗಾಳಿ ಎಂದು ಆಮೇಲೆ ತಿಳಿಯಿತು. ಸಂಜೆಯಾಗುತ್ತಿದ್ದರೂ ನೂರಾ ಹತ್ತು ಡಿಗ್ರಿ ಫ್ಯಾರನ್‌ಹೀಟ್, ನಮ್ಮೂರಿನ ಲೆಕ್ಕದಲ್ಲಿ ನಲವತ್ಮೂರು. ಅತ್ತೆ ಮಾತ್ರ ಸೆರಗು ಸರಿಮಾಡಿಕೊಂಡು, "ಬೆವರೇ ಇಲ್ಲ ನೋಡು, ಒಳ್ಳೆ ಬಿಸಿಲು. ನಮ್ಮ ಮದ್ರಾಸಿನ ಥರ ಜಿಗಿಜಿಗಿ ಇಲ್ಲ," ಎಂದರು.

ಬೆವರು ಇಲ್ಲದೆ ಇರಲಿಲ್ಲ. ಬಂದದ್ದು ಕಾಣುವ ಮೊದಲೇ ಆರಿಹೋಗುತ್ತಿತ್ತು, ಅಷ್ಟೆ. ಆ ಊರಿನ ಬಿಸಿಲಿನ ಮೋಸವೆಲ್ಲ ಅದರಲ್ಲೇ ಇತ್ತು. ಆದರೆ ಅದನ್ನು ನಮಗೆ ಆಗ ಹೇಳುವವರು ಯಾರಿದ್ದರು.

ಮೊದಲ ವಾರಗಳಲ್ಲಿ ನಾವು ಮಾಡಿದ ಎಡವಟ್ಟುಗಳು ಒಂದೆರಡಲ್ಲ. ನಲ್ಲಿಯಲ್ಲಿ ತಣ್ಣೀರಿನ ಕಡೆ ತಿರುಗಿಸಿದರೂ ಬಿಸಿನೀರೇ ಬರುತ್ತಿತ್ತು. ಗೀಸರ್ ಖರ್ಚು ಉಳಿಯಿತೆಂದು ಅತ್ತೆಗೆ ಖುಷಿ. ಕಾರಿನ ಸ್ಟೀರಿಂಗ್ ಮುಟ್ಟಿದರೆ ಕೈ ಚುರುಕ್ ಎನ್ನುತ್ತಿತ್ತು, ನಾನು ಮಸಿಬಟ್ಟೆ ಇಟ್ಟುಕೊಂಡು ಡ್ರೈವ್ ಮಾಡುತ್ತಿದ್ದೆ. ಸೀಟ್ ಬೆಲ್ಟಿನ ಲೋಹ ತಾಗಿ ಮಗಳ ತೋಳಿನ ಮೇಲೆ ಕೆಂಪು ಬರೆ ಎದ್ದಿತು. ದೇವಸ್ಥಾನಕ್ಕೆ ಹೋದ ಮೊದಲ ದಿನ, ಶಾಮ್‌ಬರ್ಗ್‌ನ ಅಭ್ಯಾಸದಂತೆ, ಚಪ್ಪಲಿಗಳನ್ನು ಕಾರಿನಲ್ಲೇ ಬಿಟ್ಟು ಇಳಿದೆವು. ಪಾರ್ಕಿಂಗ್ ಲಾಟಿನ ಟಾರು ಕಾದ ಕಾವಲಿ. ಮುಂದೆ ಹೋಗುವುದಕ್ಕೂ ಆಗದೆ, ಹಿಂದೆ ಬರುವುದಕ್ಕೂ ಆಗದೆ, ನಾವು ಮೂರು ತಲೆಮಾರಿನ ಹೆಂಗಸರು ನಡುದಾರಿಯಲ್ಲಿ ಕುಣಿದೆವು. ಬಾಗಿಲಲ್ಲಿ ನಿಂತಿದ್ದ ಅರ್ಚಕರು ಒಂದು ಒದ್ದೆ ಚಾಪೆ ಎಳೆದು ತಂದು ಹಾಸಿದರು. ಈ ಊರಲ್ಲಿ ಚಪ್ಪಲಿ ಬಾಗಿಲವರೆಗೂ ಇರಲಿ, ದೇವರು ಏನೂ ಅಂದುಕೊಳ್ಳುವುದಿಲ್ಲ ಎಂದರು. ಅಂಗಾಲಿಗೆ ಗುಳ್ಳೆ ಎದ್ದರೂ ದರ್ಶನ ಮಾತ್ರ ಚೆನ್ನಾಗಿ ಆಯಿತು.

ನಿಧಾನವಾಗಿ ಕಲಿತೆವು. ಸೂರ್ಯ ಹುಟ್ಟುವ ಮೊದಲೇ ತರಕಾರಿ, ಹಾಲು ತಂದು ಮುಗಿಸುವುದು. ಬೆಳಕು ಬಿದ್ದೊಡನೆ ಕಿಟಕಿಗಳನ್ನೆಲ್ಲ ಮುಚ್ಚಿ ಪರದೆ ಎಳೆಯುವುದು. ಕಾರಿನಲ್ಲಿ ಯಾವಾಗಲೂ ನೀರಿನ ಕ್ಯಾನು. ಬಾಯಾರಿಕೆ ಆಗಲಿ ಎಂದು ಕಾಯದೆ ನೀರು ಕುಡಿಯುವುದು, ಜೊತೆಗೆ ಮಜ್ಜಿಗೆಗೆ ಉಪ್ಪು. ಇದರಲ್ಲಿ ಅತ್ತೆಗೆ ಒಪ್ಪಿಗೆಯಾಗದ್ದು ಕಿಟಕಿ ಮುಚ್ಚುವುದು ಒಂದೇ. ಗಾಳಿಯಾಡದ ಮನೆ ಮನೆಯಲ್ಲ ಎಂಬುದು ಅವರ ಹುಟ್ಟು ನಂಬಿಕೆ. ನಾನು ಅತ್ತ ತಿರುಗುವುದೇ ತಡ, ಎಸಿ ಆರಿಸಿ ಬಾಲ್ಕನಿಯ ಬಾಗಿಲು ತೆರೆದಿರುತ್ತಿದ್ದರು.

ಅವರಿಗೆ ಆ ಬಾಲ್ಕನಿಯ ಮೇಲೆ ಪ್ರೀತಿ ಹುಟ್ಟಿದ್ದಕ್ಕೆ ಕಾರಣ ಸಂಡಿಗೆ. ಮೈಸೂರಿನಲ್ಲಿ ಮೋಡದ ಮುಖ ನೋಡಿಕೊಂಡು ದಿನಗಟ್ಟಲೆ ಒಣಗಿಸಬೇಕಾದ ಅರಳು ಸಂಡಿಗೆ ಇಲ್ಲಿ ಒಂದು ಹಗಲಿಗೆ ಗರಗರ ಎನ್ನುತ್ತಿತ್ತು. ಶಾಮ್‌ಬರ್ಗ್‌ನಲ್ಲಂತೂ ಸಂಡಿಗೆಯ ಕನಸೂ ಕಾಣುವ ಹಾಗಿರಲಿಲ್ಲ. ಅತ್ತೆಗೆ ಹುಚ್ಚೇ ಹಿಡಿಯಿತು. ಅರಳು ಸಂಡಿಗೆ, ಹಪ್ಪಳ, ಬಾಳಕದ ಮೆಣಸಿನಕಾಯಿ, ಒಂದಾದ ಮೇಲೊಂದು. ಇಂಥ ಪುಕ್ಕಟೆ ಬಿಸಿಲನ್ನು ಸುಮ್ಮನೆ ಬಿಡಬಾರದು ಎನ್ನುವರು. ನೂರಾ ಹನ್ನೆರಡು ಡಿಗ್ರಿಯಲ್ಲಿ ಎಲ್ಲರೂ ದೇವರನ್ನು ಬೈದುಕೊಂಡು ಓಡಾಡುವಾಗ, ನಮ್ಮ ಮನೆಯೊಂದರಲ್ಲಿ ಅವನಿಗೆ ಧನ್ಯವಾದ ಸಲ್ಲುತ್ತಿತ್ತು.

ಜ್ಯೇಷ್ಠ ಬಹುಳ ಏಕಾದಶಿ ಬಂತು. ಹಿಂದಿನ ಸಂಜೆ ಇಟ್ಟ ಸಂಡಿಗೆ ಬಾಲ್ಕನಿಯಲ್ಲಿತ್ತು. ಇವರು ಆಫೀಸಿಗೆ ಹೋದರು. ನಾನು ಮಗಳನ್ನು ಲೈಬ್ರರಿಗೆ ಕರೆದುಕೊಂಡು ಹೋದೆ. ಪಾರಿವಾಳ ಬಾರದಂತೆ ಕಾಯಲೆಂದು ಅತ್ತೆ ಬಾಲ್ಕನಿಯಲ್ಲಿ ಕುರ್ಚಿ ಹಾಕಿಕೊಂಡರು. ನೆರಳಿನಲ್ಲೇ ಕೂರುತ್ತೇನೆ, ನೆರಳಲ್ಲಿ ಏನಾಗುತ್ತದೆ ಎಂದರು. ಮೈಸೂರಿನ ಲೆಕ್ಕದಲ್ಲಿ ಅದು ಸರಿಯಾದ ಮಾತೇ. ಅಲ್ಲಿ ನೆರಳು ಎಂದರೆ ತಂಪು. ಫೀನಿಕ್ಸಿನಲ್ಲಿ ನೆರಳೂ ಒಲೆಯ ಪಕ್ಕದ ಕಟ್ಟೆ.

ನಾವು ಮರಳಿದಾಗ ಅತ್ತೆ ಅದೇ ಕುರ್ಚಿಯಲ್ಲಿದ್ದರು. ಮುಖ ಕೆಂಪಗಿತ್ತು. ಮುಟ್ಟಿದರೆ ಮೈ ಸುಡುತ್ತಿತ್ತು, ಚರ್ಮ ಒಣ ಕಾಗದ. ನನ್ನನ್ನು ನೋಡಿ, "ಹಾಲಿನವನು ಬಂದಿದ್ನಾ? ಪಾತ್ರೆ ಒಳಗೇ ಇದೆ, ಕೊಟ್ಟಿಲ್ಲ," ಎಂದರು. ಹಾಲಿನವನು ಬರುತ್ತಿದ್ದದ್ದು ಮೈಸೂರಿನ ಮನೆಗೆ, ಎಷ್ಟೋ ವರ್ಷಗಳ ಹಿಂದೆ.

ಮಗಳು ಇದನ್ನೆಲ್ಲ ಶಾಲೆಯಲ್ಲಿ ಕಲಿತವಳು, ನಾನು ಹೇಳುವ ಮೊದಲೇ ಫೋನ್ ಎತ್ತಿ ತುರ್ತು ಸಹಾಯದ ಒಂಬತ್ತು ಒಂದು ಒಂದು ಒತ್ತಿದಳು. ಅತ್ತೆಯನ್ನು ಇಬ್ಬರೂ ಹಿಡಿದು ಒಳಗೆ ತಂದು ನೆಲದ ಮೇಲೆ ಮಲಗಿಸಿದೆವು. ಫೋನಿನ ಆ ಕಡೆಯ ಹೆಂಗಸು ಹೇಳಿದ ಹಾಗೆ ಮಗಳು ನನಗೆ ಹೇಳಿದಳು. ಸೀರೆ ಸಡಿಲಿಸಿ, ಮೈಮೇಲೆಲ್ಲ ನೀರು ಸುರಿದು, ಕಂಕುಳಿಗೂ ಕುತ್ತಿಗೆಗೂ ಫ್ರೀಜರಿನ ಬಟಾಣಿ ಪ್ಯಾಕೆಟ್ ಒತ್ತಿ ಹಿಡಿದು, ಎರಡು ಮೊರ ಹಿಡಿದು ಬೀಸಿದೆವು. ನೀರು ಕುಡಿಸಬೇಡಿ, ಸರಿಯಾದ ಎಚ್ಚರ ಇಲ್ಲದವರ ಬಾಯಿಗೆ ಏನೂ ಹಾಕಬಾರದು ಎಂದಳು ಆಕೆ. ನಾನು ಆ ಗಾಬರಿಯಲ್ಲೂ ಅಂದುಕೊಂಡೆ, ಇವರ ವ್ರತವನ್ನು ಯಾರೋ ಕಾಯುತ್ತಿದ್ದಾರೆ.

ಆಂಬುಲೆನ್ಸಿನವರು ಬೇಗ ಬಂದರು. ಅದೂ ಅವನ ದಯೆ. ಆಸ್ಪತ್ರೆಯಲ್ಲಿ ಸಲೈನ್ ಹಾಕಿದರು, ಮೈ ತಣಿಸಿದರು. ಸಂಜೆಯ ಹೊತ್ತಿಗೆ ಅತ್ತೆ ಕಣ್ಣು ತೆರೆದು ಸುತ್ತ ನೋಡಿ, ಕೈಗೆ ಚುಚ್ಚಿದ್ದ ಸೂಜಿಯನ್ನೂ ಮೇಲೆ ತೂಗುತ್ತಿದ್ದ ಚೀಲವನ್ನೂ ನೋಡಿದರು. ಮೊದಲ ಮಾತು, ಮಗನ ಹತ್ತಿರ.

"ಅದು ನೀರೇನೋ?"

ಇವರು ಹೌದು ಎಂದರು, ಉಪ್ಪಿನ ನೀರು.

ಅತ್ತೆ ಸೂಜಿ ಚುಚ್ಚಿದ ಕೈಯನ್ನು ತಿರುಗಿಸಿ ನೋಡಿದರು. "ಕೈಯಲ್ಲಿ ಹೋಗಿದ್ದು ಲೆಕ್ಕಕ್ಕಿಲ್ಲ. ಬಾಯಿಗೆ ಹೋಗಿಲ್ಲವಲ್ಲ. ಏಕಾದಶಿ ಆಯ್ತು ಅಂತಲೇ ತಿಳ್ಕೋ," ಎಂದು ಮತ್ತೆ ಕಣ್ಣು ಮುಚ್ಚಿದರು. ಇವರು ಹೊರಗೆ ಕಾರಿಡಾರಿಗೆ ಹೋಗಿ ಗೋಡೆಗೆ ಆತುಕೊಂಡು ನಿಂತರು. ನಗುತ್ತಿದ್ದಾರೋ ಅಳುತ್ತಿದ್ದಾರೋ ನಾನು ನೋಡಲು ಹೋಗಲಿಲ್ಲ.

ನನ್ನ ದೊಡ್ಡಮ್ಮನ ಮಗಳು ಮಿಶಿಗನ್ನಿನ ಆನ್ ಆರ್ಬರ್‌ನಲ್ಲಿ ಡಾಕ್ಟರು. ನಾನು ಅವಳಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಅವಳು ಮಾತಿಗೆ ಸಕ್ಕರೆ ಸವರುವವಳಲ್ಲ. ಒಂದು ಸಲ ಹೀಗಾದ ಮೈ ಎರಡನೆಯ ಸಲ ತಡೆದುಕೊಳ್ಳುವುದು ಕಷ್ಟ, ಈ ವಯಸ್ಸಿಗೆ ಇನ್ನೂ ಕಷ್ಟ ಎಂದಳು. ಆಮೇಲೆ, "ನೋಡೇ, ಇನ್ನೊಂದ್ಸಲ ಆ ಬಿಸಿಲಲ್ಲಿ ನೀರು ಬಿಟ್ಟು ಕೂತ್ರೆ ಅವರು ಉಳಿಯಲ್ಲ. ಎಸಿ ಒಳಗೇ ಇದ್ರೂ ನೀರು ಹೋಗ್ಲೇಬೇಕು. ಉಪ್ಪು ಸಕ್ಕರೆ ಇರೋದು ಏನಾದ್ರೂ, ಸ್ವಲ್ಪ ಸ್ವಲ್ಪ, ದಿನಾ ಪೂರ್ತಿ. ಏನ್ ಮಾಡ್ತೀಯೋ ಮಾಡು," ಎಂದಳು.

ಏನು ಮಾಡಲಿ. ಹದಿನೈದು ದಿನಕ್ಕೆ ಮುಂದಿನ ಏಕಾದಶಿ. ಅದೂ ಅಂಥಿಂಥ ಏಕಾದಶಿಯಲ್ಲ, ಆಷಾಢದ ಪ್ರಥಮ ಏಕಾದಶಿ. ವರ್ಷದ ಉಪವಾಸಗಳಿಗೆಲ್ಲ ದೊಡ್ಡದು. ತೋಳಿಗೆ ಶಂಖ ಚಕ್ರದ ಮುದ್ರೆ ಹಾಕಿಸಿಕೊಳ್ಳಲು ಈ ಸಲ ಮಠಕ್ಕಂತೂ ಹೋಗಲಾಗುವುದಿಲ್ಲ, ಉಪವಾಸವನ್ನಾದರೂ ಬಿಡೆನು ಎಂದು ಅತ್ತೆ ಆಸ್ಪತ್ರೆಯಿಂದ ಬಂದ ದಿನವೇ ಹೇಳಿಬಿಟ್ಟಿದ್ದರು.

ಇವರು ವಾದ ಮಾಡಿ ಸೋತರು. ವಯಸ್ಸಾದವರಿಗೆ, ಕಾಯಿಲೆಯವರಿಗೆ ವಿನಾಯಿತಿ ಇದೆ ಎಂದರೆ, ವಿನಾಯಿತಿ ಇರುವುದು ಬೇಕಾದವರಿಗೆ ಎಂದರು ಅತ್ತೆ. ಮಗಳು ತನ್ನ ಇಂಗ್ಲಿಷಿನಲ್ಲಿ ನೇರವಾಗಿ ಕೇಳಿಯೇ ಬಿಟ್ಟಳು.

"ಅಜ್ಜಿ, ಡು ಯು ವಾಂಟ್ ಟು ಡೈ?"

ಅತ್ತೆಗೆ ಅಷ್ಟು ಇಂಗ್ಲಿಷ್ ಅರ್ಥವಾಗುತ್ತಿತ್ತು. ಅವಳ ತಲೆ ಸವರಿ, "ಇಲ್ಲ ಪುಟ್ಟಿ. ನಿನ್ನ ಮದುವೆ ನೋಡ್ಬೇಕು. ಆದ್ರೆ ನಾನು ದೇವರಿಗೆ ಮಾತು ಕೊಟ್ಟಾಗ, ಬಿಸಿಲು ಇಲ್ದೇ ಇದ್ರೆ ಅಂತ ಹೇಳಿರಲಿಲ್ಲ," ಎಂದರು.

ನನಗೆ ಅವರ ಮೇಲೆ ಕೋಪ ಬರಲಿಲ್ಲ. ಇದನ್ನು ಹೇಳಿದರೆ ಈಗಿನವರು ನಂಬುವುದಿಲ್ಲ. ಆ ವರ್ಷ ನಾವು ನೋಡಿದ್ದೇ ಮುರಿದ ಮಾತುಗಳನ್ನು. ಕಂಪನಿಗಳು ಕೊಟ್ಟ ಮಾತು, ಪ್ರಾಜೆಕ್ಟ್ ಕೊಡುತ್ತೇವೆ ಎಂದವರ ಮಾತು, ವೀಸಾಕ್ಕೆ ಅಪ್ಲೈ ಮಾಡಿದ್ದೇವೆ ಎಂದವರ ಮಾತು. ಕೊಟ್ಟ ಮಾತಿಗೆ ನಿಂತಿದ್ದವರು ನಮ್ಮ ಸುತ್ತ ಈ ಕುಳ್ಳು ಮುದುಕಿ ಒಬ್ಬರೇ. ಅವರನ್ನು ಸೋಲಿಸಿ ನೀರು ಕುಡಿಸುವುದು ನನಗೆ ಬೇಕಿರಲಿಲ್ಲ. ಅವರು ಉಳಿಯುವುದೂ ಬೇಕಿತ್ತು, ಗೆಲ್ಲುವುದೂ ಬೇಕಿತ್ತು. ದಿನಾ ದೀಪ ಹಚ್ಚುವಾಗ ಅದನ್ನೇ ಕೇಳಿಕೊಂಡೆ, ದಾರಿ ತೋರಿಸು, ನನಗೆ ಬುದ್ಧಿ ಸಾಲದು.

ದಾರಿ ಸಿಕ್ಕಿದ್ದು ಪೂಜೆಯ ಪಾತ್ರೆ ತೊಳೆಯುವಾಗ. ಸಿಂಕಿನ ಮುಂದೆ ನಿಂತು ಹುಣಸೆಹಣ್ಣು ಹಚ್ಚಿ ಉದ್ಧರಣೆ ಉಜ್ಜುತ್ತಿದ್ದೆ. ಬೆಳಿಗ್ಗೆ ಅತ್ತೆಯ ಅಂಗೈಗೆ ನಾನೇ ಅದರಲ್ಲಿ ತೀರ್ಥ ಹಾಕಿದ್ದೆ. ಉಜ್ಜುತ್ತಿದ್ದ ಕೈ ನಿಂತಿತು. ತೀರ್ಥ ಬಾಯಿಗೇ ಹೋಗುತ್ತದಲ್ಲ. ಏಕಾದಶಿಯ ದಿನವೂ ಹೋಗುತ್ತದೆ. ಅದರಿಂದ ವ್ರತ ಕೆಡುವುದಿಲ್ಲ.

ಕೈ ಒರೆಸಿಕೊಂಡು ಹೋಗಿ ಅತ್ತೆಯ ಎದುರು ನೆಲದ ಮೇಲೆ ಕೂತೆ. ಅವರು ಹೂಬತ್ತಿ ಹೊಸೆಯುತ್ತಿದ್ದರು.

"ಅಮ್ಮಾ, ಏಕಾದಶಿ ದಿನ ತೀರ್ಥ ತಗೋಬಹುದಲ್ವಾ?"

"ಒಂದು ಸಲ. ನಿಂಗೆ ಗೊತ್ತಿಲ್ವಾ?"

"ಒಂದೇ ಸಲ ಯಾಕೆ?"

"ಪೂಜೆ ಒಂದು ಸಲ ಆಗತ್ತೆ, ತೀರ್ಥ ಒಂದು ಸಲ. ಇದೇನು ಪ್ರಶ್ನೆ?"

"ಪೂಜೆ ಮುಗೀದೇ ಇದ್ರೆ?"

ಅತ್ತೆಯ ಬೆರಳು ನಿಂತಿತು. ನಾನು ಧೈರ್ಯ ಮಾಡಿ ಮುಂದುವರಿದೆ. ಈ ಸಲ ಏಕಾದಶಿ ಶನಿವಾರ, ಇವರು ಮನೆಯಲ್ಲೇ ಇರುತ್ತಾರೆ. ಬೆಳಿಗ್ಗೆ ಪೂಜೆಗೆ ಕೂತರೆ ಸಂಜೆ ಸೂರ್ಯ ಮುಳುಗುವವರೆಗೂ ಮಂಗಳಾರತಿ ಮಾಡುವುದಿಲ್ಲ. ಅಭಿಷೇಕ ನಡೆಯುತ್ತಲೇ ಇರುತ್ತದೆ. ಎಳನೀರಿನ ಅಭಿಷೇಕ, ನೀರಿನ ಅಭಿಷೇಕ, ಮತ್ತೆ ಎಳನೀರು. ಒಂದೇ ಪೂಜೆ, ಒಂದೇ ತೀರ್ಥ. ಕೇಶವ, ನಾರಾಯಣ ಎಂದು ಇಪ್ಪತ್ನಾಲ್ಕು ನಾಮ ಹೇಳಿಕೊಂಡು, ನಾಮಕ್ಕೊಂದು ಉದ್ಧರಣೆ. ಮುಗಿದರೆ ಮತ್ತೆ ಕೇಶವ. ದೇವರ ನಾಮ ಇಷ್ಟೇ ಸಲ ಹೇಳಬೇಕು ಎಂದು ಯಾರೂ ಮಿತಿ ಹಾಕಿಲ್ಲವಲ್ಲ.

ಅತ್ತೆ ಕೈಯಲ್ಲಿದ್ದ ಬತ್ತಿಯನ್ನು ತಟ್ಟೆಗೆ ಹಾಕಿದರು. ನನ್ನ ಜಾಣತನಕ್ಕೆ ಬೈಯುತ್ತಾರೆ ಎಂದು ನಾನು ತಲೆ ತಗ್ಗಿಸಿದ್ದೆ. ಅವರು ಹೂಬತ್ತಿಯ ತಟ್ಟೆಯನ್ನು ಪಕ್ಕಕ್ಕಿಟ್ಟು ಕೇಳಿದರು.

"ತೀರ್ಥ ಯಾತರಲ್ಲಿ ಇಡ್ತೀಯಾ?"

"ಆ ಕಂಚಿನ ಗಿಂಡಿ ಇದೆಯಲ್ಲ."

"ಎಳನೀರು ಕಂಚಿಗೆ ಬರಲ್ಲ, ಅಷ್ಟೂ ಗೊತ್ತಿಲ್ಲ. ನಿಮ್ಮಮ್ಮ ಕೊಟ್ಟಿದ್ದು ಬೆಳ್ಳಿ ಚೊಂಬು ಇತ್ತಲ್ಲ, ಅದನ್ನ ತೆಗಿ. ದೊಡ್ಡದು."

ಕೊನೆಯ ಪದ ಹೇಳುವಾಗ ಅವರ ತುಟಿಯ ಅಂಚಿನಲ್ಲಿ ಕಂಡದ್ದನ್ನು ನಾನು ಯಾವತ್ತೂ ಮರೆಯಲಾರೆ. ನನಗೆ ದಾರಿ ಕಂಡಿತ್ತು ನಿಜ. ಆ ದಾರಿಯಲ್ಲಿ ತಲೆ ಎತ್ತಿ ನಡೆದವರು ಅವರು. ಮನಸ್ಸು ಮಾಡಿದ್ದರೆ ಇಲ್ಲವೆನ್ನಲು ಅವರ ಹತ್ತಿರ ನೂರು ಶಾಸ್ತ್ರಗಳಿದ್ದವು.

ಶುಕ್ರವಾರ ಬೆಳಗಿನ ಜಾವವೇ ಹೋಗಿ ಚೀನೀಯರ ಅಂಗಡಿಯಿಂದ ಎಳನೀರು ತಂದೆವು, ಮೇಲೆ ಬಿಳಿಯಾಗಿ ಕೆತ್ತಿದ್ದು. ಇವರು ಸುತ್ತಿಗೆ, ಸ್ಕ್ರೂಡ್ರೈವರ್ ಹಿಡಿದು ಒಡೆದರು. ಶನಿವಾರ ಹೊರಗೆ ನೂರಾ ಹದಿನಾಲ್ಕು. ಒಳಗೆ ಪರದೆ ಎಳೆದು, ಎಸಿ ಹಾಕಿ, ದೀಪ ಹಚ್ಚಿ ಪೂಜೆಗೆ ಕೂತೆವು. ಅತ್ತೆ ಆ ದಿನ ಎಸಿಯ ಸ್ವಿಚ್ಚಿನ ಕಡೆ ತಿರುಗಿಯೂ ನೋಡಲಿಲ್ಲ. ದೇವರಿಗೂ ಸೆಕೆಯಾಗುತ್ತದಲ್ಲ ಎಂದರು. ಅದನ್ನು ಅವರೇ ಹೇಳಿದ್ದರಿಂದ ನಾವು ಯಾರೂ ನಗಲಿಲ್ಲ.

ಹತ್ತು ನಿಮಿಷದಲ್ಲಿ ಪೂಜೆ ಮುಗಿಸಿ ಲ್ಯಾಪ್‌ಟಾಪ್ ತೆರೆಯುವ ನಮ್ಮ ಮನೆಯವರು ಆ ದಿನ ಮಣೆಯ ಮೇಲೆ ಕೂತು ಸಾಲಿಗ್ರಾಮದ ಮೇಲೆ ಶಂಖದಿಂದ ನೀರು ಸುರಿದೇ ಸುರಿದರು. ಕಾಲಿಗೆ ಜೋಮು ಹಿಡಿದು ಎದ್ದಾಗ ನಾನು ಕೂತು ಭಜನೆ ಹೇಳಿದೆ. ಮಗಳು ಉದ್ಧರಣೆ ಹಿಡಿದು ಅಜ್ಜಿಯ ಅಂಗೈಗೆ ಹಾಕಿದಳು. ಕೇಶವ, ಒಂದು ಗುಟುಕು. ನಾರಾಯಣ, ಒಂದು ಗುಟುಕು. ಕನ್ನಡದಲ್ಲಿ ಎರಡು ವಾಕ್ಯ ಸೇರಿಸಲಾರದ ಹುಡುಗಿ ಸಂಜೆಯ ಹೊತ್ತಿಗೆ ಇಪ್ಪತ್ನಾಲ್ಕು ನಾಮಗಳನ್ನೂ ತಪ್ಪಿಲ್ಲದೆ ಹೇಳುತ್ತಿದ್ದಳು. ನಡುನಡುವೆ ನಾನು ಅತ್ತೆಯ ತೋಳು ಮುಟ್ಟಿ ನೋಡುತ್ತಿದ್ದೆ. ತಣ್ಣಗಿತ್ತು. ಮಾತು ಸ್ಪಷ್ಟವಾಗಿತ್ತು. ಹಾಲಿನವನು ಬರಲಿಲ್ಲ.

ಆನ್ ಆರ್ಬರ್‌ನಿಂದ ಅಕ್ಕ ಫೋನ್ ಮಾಡಿದಳು. ಎಷ್ಟು ನೀರು ಹೋಯಿತು ಎಂದು ಕೇಳಿದಳು. ನೀರು ಒಂದು ತೊಟ್ಟೂ ಹೋಗಿಲ್ಲ, ತೀರ್ಥ ಒಂದೂವರೆ ಚೊಂಬು ಹೋಗಿದೆ ಎಂದೆ. ಅವಳು, "ಎಳನೀರಂತೂ ಒಳ್ಳೇದಾಯ್ತು. ನಿಮ್ಮತ್ತೆಗೆ ನನ್ನ ನಮಸ್ಕಾರ ಹೇಳು," ಎಂದಳು. ಸುಮ್ಮಸುಮ್ಮನೆ ಯಾರಿಗೂ ನಮಸ್ಕಾರ ಹೇಳುವವಳಲ್ಲ ನಮ್ಮಕ್ಕ.

ಸೂರ್ಯ ಮುಳುಗಿದ ಮೇಲೆ ಮಂಗಳಾರತಿಯಾಯಿತು. ಮಾರನೆಯ ಬೆಳಿಗ್ಗೆ ಅತ್ತೆ ತಾವೇ ನಡೆದು ಬಂದು ಪಾರಣೆಗೆ ಕೂತರು. ದ್ವಾದಶಿಗೆ ಬೇಕಾದ ಅಗಸೆ ಸೊಪ್ಪು ಆ ಊರಿನಲ್ಲಿ ಸಿಗದೆ ಪಾಲಕ್ ಸೊಪ್ಪಿನಲ್ಲೇ ಸುಧಾರಿಸಿದ್ದೆ. ಅದಕ್ಕೂ ಅವರು ಏನೂ ಅನ್ನಲಿಲ್ಲ. ಅಂದು ಊಟ ಬಡಿಸುವಾಗ ನನಗೆ ಯಾವ ಮನೆಯ ಸೊಸೆಗೂ ಆಗದಷ್ಟು ಹೆಮ್ಮೆಯಾಯಿತು. ಆ ಬೇಸಿಗೆಯ ಏಕಾದಶಿಗಳೆಲ್ಲ ಹಾಗೆಯೇ ಕಳೆದವು. ವಾರದ ದಿನ ಬಿದ್ದರೆ ಇವರು ಬೆಳಿಗ್ಗೆ ಪೂಜೆ ಶುರು ಮಾಡಿ ಆಫೀಸಿಗೆ ಹೋಗುವರು, ಸಂಜೆ ಬಂದು ಮಂಗಳಾರತಿ ಎತ್ತುವರು. ನಡುವೆ ದೇವರು ಕಾಯುತ್ತಿದ್ದ.

ದೀಪಾವಳಿಯ ಹೊತ್ತಿಗೆ ಪ್ರಾಜೆಕ್ಟ್ ಮುಗಿದು ನಾವು ಶಾಮ್‌ಬರ್ಗ್‌ಗೆ ಮರಳಿದೆವು, ಡಬ್ಬಗಟ್ಟಲೆ ಸಂಡಿಗೆಯ ಸಮೇತ. ಇವರಿಗೆ ಅಲ್ಲೇ ಕೆಲಸವೂ ಸಿಕ್ಕಿತು. ಅತ್ತೆ ಊರಿಗೆ ಹೋಗಿ ಮುಂದಿನ ಬೇಸಿಗೆಗೆ ಮತ್ತೆ ಬಂದರು. ಈ ಸಲ ಸ್ವೆಟರು ಒಂದೇ.

ಆ ಬೇಸಿಗೆಯಲ್ಲಿ ಶಿಕಾಗೋದ ಕಡೆಯೇ ಬಿಸಿಲು ನೂರರ ಹತ್ತಿರ ಏರಿ ಕೂತಿತು. ಒಂದು ಸಂಜೆ ಬಿರುಗಾಳಿ ಎದ್ದು ನಮ್ಮ ರಸ್ತೆಯ ಮರಗಳು ತಂತಿಗಳ ಮೇಲೆ ಉರುಳಿದವು. ಕರೆಂಟು ಹೋಯಿತು. ಬೆಳಗಾದರೂ ಬರಲಿಲ್ಲ, ಯಾವಾಗ ಬರುತ್ತದೋ ಯಾರಿಗೂ ಗೊತ್ತಿರಲಿಲ್ಲ. ಬಿರುಗಾಳಿ ಹೋದರೂ ಸೆಕೆ ಹೋಗಲಿಲ್ಲ. ಫೀನಿಕ್ಸಿನಂತೆ ಒಣ ಸೆಕೆಯಲ್ಲ, ಮೈಗೆ ಅಂಟುವ ಸೆಕೆ. ಜನ ಏನು ಮಾಡಬೇಕೆಂದು ತೋಚದೆ ಮೆಟ್ಟಿಲ ಮೇಲೆ ಕೂತಿದ್ದರು.

ಅತ್ತೆಗೆ ತೋಚಿತ್ತು. ಬೆಳಗಾಗುವ ಮೊದಲೇ ಎದ್ದು, ಎಲ್ಲರಿಗಿಂತ ಮುಂಚೆ ನಮ್ಮ ಪರದೆಗಳನ್ನೆಳೆದರು. ಆಮೇಲೆ ಮಗಳನ್ನು ಭಾಷೆಗೆಂದು ಜೊತೆ ಮಾಡಿಕೊಂಡು ಮನೆಮನೆಯ ಬಾಗಿಲು ತಟ್ಟಿದರು. ಇಲ್ಲಿಯ ಗಾಳಿಯಲ್ಲಿ ಬೆವರು ಆರುವುದಿಲ್ಲ, ಒದ್ದೆ ಬಟ್ಟೆಯನ್ನು ನಂಬಿ ಕೂರಬೇಡಿ, ತಂಪಾದ ಜಾಗಕ್ಕೆ ಇಳಿಯಿರಿ ಎಂದು ಹೇಳಿಸಿದರು. ಕಾಂಪ್ಲೆಕ್ಸಿನ ಬೇಸ್‌ಮೆಂಟಿನಲ್ಲಿ ಎಲ್ಲರೂ ಬಟ್ಟೆ ಒಗೆಯುವ ಲಾಂಡ್ರಿ ರೂಮ್ ಇದೆ. ನೆಲದ ಕೆಳಗಿನ ಜಾಗವಾದ್ದರಿಂದ ಸಿಮೆಂಟು ತಣ್ಣಗಿತ್ತು. ಅತ್ತೆ ಮೊದಲು ಕರೆತಂದದ್ದು ನಮ್ಮ ಮೇಲಿನ ಮನೆಯ ಅಮೆರಿಕನ್ ಮುದುಕಿಯನ್ನು. ಒಬ್ಬಳೇ ಇದ್ದವಳು, ಕಿಟಕಿಗಳನ್ನೆಲ್ಲ ತೆರೆದುಕೊಂಡು ಸೋಫಾದ ಮೇಲೆ ಕೆಂಪು ಮುಖ ಮಾಡಿಕೊಂಡು ಮಲಗಿದ್ದಳಂತೆ. ಅತ್ತೆ ಅವಳ ಕೈ ಮುಟ್ಟಿ ನೋಡಿ, ಹೆಸರೇನು, ಇವತ್ತು ಯಾವ ವಾರ ಎಂದು ಮಗಳ ಕೈಯಲ್ಲಿ ಕೇಳಿಸಿದರು. ಉತ್ತರ ಸರಿಯಾಗಿ ಬಂದ ಮೇಲೆಯೇ ಮೆಟ್ಟಿಲಿಳಿಸಿದರು. ಪರೀಕ್ಷೆ ಅವರದೇ, ಕಲಿತದ್ದು ಅವರ ಮೈಯಿಂದಲೇ.

ಅಂದು ಏಕಾದಶಿ. ನಾನು ಬಾಯಿ ಬಿಡುವ ಮೊದಲೇ ಅತ್ತೆ ಕ್ಲಾಸೆಟ್ಟಿನಿಂದ ದೊಡ್ಡ ಚೊಂಬು ತೆಗೆದಿದ್ದರು. ದೇವರ ಪೆಟ್ಟಿಗೆಯನ್ನೂ ಕೆಳಕ್ಕೆ ಒಯ್ಯಿ ಎಂದು ಮಗನಿಗೆ ಹೇಳಿದರು. ಲಾಂಡ್ರಿ ರೂಮಿಗಾ ಎಂದು ಇವರು ಅನುಮಾನಿಸಿದರು.

"ಬಟ್ಟೆ ಮಡಿ ಮಾಡೋ ಜಾಗ. ಇದಕ್ಕಿಂತ ಮಡಿ ಎಲ್ಲಿ ಸಿಗತ್ತೆ ನಿಂಗೆ? ನಡಿ."

ಹಾಗೆ ನಮ್ಮ ದೇವರು ಎರಡು ಡ್ರೈಯರುಗಳ ನಡುವೆ ಒಂದು ಮಣೆಯ ಮೇಲೆ ಕೂತ. ಒಂದು ದೀಪ, ಸುತ್ತ ಅರ್ಧ ಕಾಂಪ್ಲೆಕ್ಸಿನ ಜನ. ಇವರು ಅಭಿಷೇಕ ಮಾಡಿದರು, ಮಗಳು ನಾಮ ಹೇಳಿ ಅಜ್ಜಿಯ ಅಂಗೈಗೆ ತೀರ್ಥ ಹಾಕಿದಳು. ಮೇಲಿನ ಮನೆಯ ಮುದುಕಿ ಮಡಚುವ ಕುರ್ಚಿಯಲ್ಲಿ ಕೂತು ಇದನ್ನೆಲ್ಲ ನೋಡುತ್ತಿದ್ದಳು. ಅವಳ ಕೈಯಲ್ಲಿ ನಾನು ಕೊಟ್ಟ ನಿಂಬೆಹಣ್ಣಿನ ಪಾನಕ, ಚಿಟಿಕೆ ಉಪ್ಪು ಹಾಕಿದ್ದು. ಸ್ವಲ್ಪ ಕುಡಿದು, ಸಾಕು ಎಂದು ಕೆಳಗಿಡುವಳು. ಅತ್ತೆ ತಮ್ಮ ಉದ್ಧರಣೆಯ ತೀರ್ಥ ಕುಡಿದು, ಅವಳ ಲೋಟವನ್ನು ಮತ್ತೆ ಅವಳ ಕೈಗೇ ಕೊಡುವರು. ಒಬ್ಬರ ಭಾಷೆ ಒಬ್ಬರಿಗೆ ಅಷ್ಟಾಗಿ ಬಾರದು. "ವಾಟರ್," ಎನ್ನುವರು ಅತ್ತೆ, ಗಂಭೀರವಾಗಿ. ಅವಳು ನಗುತ್ತಾ ಇನ್ನೊಂದು ಗುಟುಕು ಕುಡಿಯುವಳು.

ಹೀಗೇ ಹಗಲು ಕಳೆಯಿತು. ಸಂಜೆಯಾಗಿ ಹೊರಗೆ ಬಿಸಿಲು ಇಳಿದಿತ್ತು. ಇವರು ಹೋಗಿ ನೋಡಿ ಬಂದು, ಸೂರ್ಯ ಮುಳುಗಿದ ಎಂದು ಹೇಳಿ ಮಂಗಳಾರತಿಯ ತಟ್ಟೆಗೆ ಕೈ ಹಾಕಿದರು. ಅತ್ತೆ ತಮ್ಮ ಮಗನ ಮೊಣಕೈ ಹಿಡಿದು ತಡೆದರು.

"ಈಗಲೇ ಬೇಡ ಕಣೋ. ಮೇಲಿನ ಮನೆಯವಳು ಇನ್ನೂ ಲೋಟ ಖಾಲಿ ಮಾಡಿಲ್ಲ."